ಸುವರ್ಣಾ ಹುಮನಾಬಾದ್ ಎಂಬಾಕೆ

ತುಳಸಾಬಾಯಿಯವರಿಗೆ ಅರವತ್ತು ತುಂಬಿದ ವರ್ಷ ಸೊಸೆ ಹರ್ಷದಾ ಅವರಿಗೊಂದು ಹೊಸ ಫೋನು ತಂದುಕೊಟ್ಟಳು. ಕೂಕಟ್‌ಪಲ್ಲಿಯ ಆ ಫ್ಲಾಟಿನಲ್ಲಿ ಮಗ ಅಕ್ಷಯ ಬ್ಯಾಂಕಿಗೆ, ಸೊಸೆ ಕಾಲೇಜಿಗೆ ಪಾಠ ಹೇಳಲು ಹೊರಟುಹೋದ ಮೇಲೆ ಉಳಿಯುವವರು ಇಬ್ಬರೇ. ನೀರಾವರಿ ಇಲಾಖೆಯಿಂದ ನಿವೃತ್ತರಾದ ಗಂಡ ಹನುಮಂತರಾಯರು ಊಟ ಮಾಡಿ ಅಡ್ಡಾದರೆ ನಾಲ್ಕು ಗಂಟೆಯ ಚಹಾಕ್ಕೇ ಏಳುವುದು. ಆ ಹೊತ್ತಿನಲ್ಲಿ ತುಳಸಾಬಾಯಿ ಬಾಲ್ಕನಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕಸೂತಿ ಹಾಕುತ್ತ ಕೂಡುತ್ತಿದ್ದರು. ಬಟ್ಟೆಯ ಎಳೆ ಎಣಿಸಿ, ಎಲ್ಲಿಯೂ ಗಂಟು ಹಾಕದೆ, ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣುವಂತೆ ಸೂಜಿ ಆಡಿಸುವ ಕೆಲಸ. ತವರೂರಾದ ಹುಮನಾಬಾದಿನಲ್ಲಿ ತಾಯಿಯಿಂದ ಕಲಿತದ್ದು.

ಧಾರವಾಡದ ಸಂಯುಕ್ತಾ ಎಂಬವರು ಕಸೂತಿಯವರದೇ ಒಂದು ಗುಂಪನ್ನು ಫೋನಿನಲ್ಲಿ ನಡೆಸುತ್ತಾರೆ, ಎರಡು ಸಾವಿರದ ಮೇಲೆ ಹೆಂಗಸರಿದ್ದಾರೆ, ನೀವೂ ಸೇರಿಕೊಳ್ಳಿ ಎಂದು ಹರ್ಷದಾ ಒಂದು ದಿನ ಬೆಳಿಗ್ಗೆ ಎಲ್ಲವನ್ನೂ ಸಿದ್ಧ ಮಾಡಿಕೊಟ್ಟಳು. ಕಡೆಗೆ ಒಂದು ಖಾಲಿ ಚೌಕ ಉಳಿಯಿತು. ಗುಂಪಿನಲ್ಲಿ ಕಾಣಿಸಬೇಕಾದ ಹೆಸರು ಅಲ್ಲಿ ತುಂಬಬೇಕು. ಕಾಲೇಜಿಗೆ ಹೊತ್ತಾಗುತ್ತಿತ್ತು. "ಏನರ ಹಾಕ್ರಿ ಅತ್ತಿ, ನಿಮ್ಮದ ಹೆಸರು ಹಾಕಿದರೂ ನಡೀತದ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ತುಳಸಾಬಾಯಿ ಆ ಚೌಕವನ್ನು ನೋಡುತ್ತ ಬಹಳ ಹೊತ್ತು ಕುಳಿತರು. ಆಮೇಲೆ ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ ಒತ್ತಿ ಸುವರ್ಣಾ ಎಂದು ಬರೆದರು. ಆ ಹೆಸರು ಈಗಾಗಲೇ ಬೇರೆಯವರ ಬಳಿ ಇದೆ ಎಂದು ಫೋನು ಹೇಳಿತು. ಅದಕ್ಕೂ ಅವರಿಗೆ ಸ್ವಲ್ಪ ಬೇಜಾರಾಯಿತು. ಮುಂದೆ ಒಂದು ಅಡ್ಡಗೆರೆ ಹಾಕಿ ಹುಮನಾಬಾದ್ ಸೇರಿಸಿದರು. ಫೋನು ಒಪ್ಪಿಕೊಂಡಿತು. ರೇಷನ್ ಕಾರ್ಡು ತೋರಿಸು ಅನ್ನಲಿಲ್ಲ, ಆಧಾರ್ ಕೇಳಲಿಲ್ಲ.

ಹತ್ತೊಂಬತ್ತನೆಯ ವಯಸ್ಸಿನವರೆಗೆ ಅವರು ಸುವರ್ಣಾ ಆಗಿದ್ದರು. ಹುಮನಾಬಾದಿನ ಶಾಲಾ ಮಾಸ್ತರರ ಮಗಳು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಗಂಡನ ಕೈಗೆ ಬಂಗಾರದ ಉಂಗುರ ಕೊಟ್ಟು, ಸೊಸೆಗೆ ಇಟ್ಟ ಹೊಸ ಹೆಸರನ್ನು ಅದರಲ್ಲಿ ಬರೆಸಿದರು. ತುಳಸಾ. ಅದು ಆ ಕಾಲದ ರೂಢಿ. ವಾರಗೆಯ ಹುಡುಗಿಯರಿಗೂ ಹಾಗೇ ಆಗಿತ್ತು. ಆದರೆ ಅವರಲ್ಲಿ ಹೆಚ್ಚಿನವರನ್ನು ತವರಿನವರು ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು, ಅತ್ತೆ ಮನೆಯವರು ಕೇಳಿಯೂ ಸುಮ್ಮನಿರುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಮದುವೆಯಾಗಿ ವಾರದೊಳಗೆ ತಮ್ಮ ಯಶವಂತ ಬಂದವನು ಬಾಗಿಲಲ್ಲೇ "ಸುವರ್ಣಕ್ಕಾ" ಎಂದು ಕರೆದ. ಊಟಕ್ಕೆ ಕುಳಿತಿದ್ದ ಅತ್ತೆ ಕೈ ತೊಳೆದುಕೊಂಡು ಎದ್ದು ಒಳಗೆ ಹೋಗಿ ಕದ ಹಾಕಿಕೊಂಡರು. ಸಂಜೆ ಮಾವನವರು ಸೊಸೆಯನ್ನು ಕರೆದು, ಈ ಮನೆಯಲ್ಲಿ ಆ ಹೆಸರು ಬೇಡವಮ್ಮಾ, ನಿಮ್ಮ ತಂದೆಗೂ ಪತ್ರ ಬರೆದು ತಿಳಿಸು ಎಂದರು. ಯಾಕೆ ಎಂದು ಕೇಳುವ ವಯಸ್ಸೂ ಅದಲ್ಲ, ಕಾಲವೂ ಅಲ್ಲ. ಮಾಸ್ತರರ ಮುಂದಿನ ಪತ್ರ 'ಚಿ. ಸೌ. ತುಳಸಾಬಾಯಿ' ಎಂದು ಬಂತು. ಅದನ್ನು ಓದಿ ಅವರು ಅಡಿಗೆಮನೆಯಲ್ಲಿ ಕುಳಿತು ಅತ್ತರು. ಅಪ್ಪ ಕೂಡ ಬಿಟ್ಟುಕೊಟ್ಟರಲ್ಲ ಎಂದು.

ಅತ್ತೆ ಕೆಟ್ಟವರಾಗಿರಲಿಲ್ಲ. ಬಾಣಂತನದಲ್ಲಿ ತಾಯಿಗಿಂತ ಹೆಚ್ಚು ಮಾಡಿದ್ದರು. ಹಾಸಿಗೆ ಹಿಡಿದ ಎರಡು ವರ್ಷ ತುಳಸಾಬಾಯಿಯೂ ಹೆತ್ತ ಮಗಳಂತೆ ನೋಡಿಕೊಂಡರು. ಆದರೂ ಒಳಗೆಲ್ಲೋ ಒಂದು ಮುಳ್ಳು ಮುರಿದು ಉಳಿದಿತ್ತು. ಅಕ್ಷಯನ ಮದುವೆಯಲ್ಲಿ ಭಟ್ಟರು ಅಕ್ಕಿಯ ತಾಟು ತರಿಸಿದಾಗ ತುಳಸಾಬಾಯಿ ಎಲ್ಲರೆದುರು ಎದ್ದು ನಿಂತು, ಹುಡುಗಿಗೆ ಇರುವ ಹೆಸರನ್ನೇ ಬರೆಯಿಸಿರಿ ಎಂದಿದ್ದರು. ಅಂದು ರಾಯರು ಹೆಂಡತಿಯ ಮುಖ ನೋಡಿ ತಲೆ ತಗ್ಗಿಸಿದ್ದರು.

ಗುಂಪಿನಲ್ಲಿ ಸುವರ್ಣಾ ಹುಮನಾಬಾದ್ ಬೇಗ ಹೆಸರು ಮಾಡಿದರು. ತಾಯಿ ತಾನೇ ಕಟ್ಟಿದ ಜೋಳದ ತೆನೆಯ ನಮೂನೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಳೆ ಎಣಿಸುವುದು ಹೇಗೆ, ತಿರುವಿನಲ್ಲಿ ದಾರ ಹೇಗೆ ಅಡಗಿಸಬೇಕು ಎಂದು ಎಲ್ಲಿಯವರೋ ಕೇಳುತ್ತಿದ್ದರು. ಸುವರ್ಣಕ್ಕಾ, ಸುವರ್ಣಾಬಾಯಿಯವರೇ, ಸುವರ್ಣಾ ಮೇಡಂ. ಉತ್ತರ ಬರೆಯುವ ಮೊದಲು ಅವರು ಆ ಕರೆಯನ್ನು ಒಂದೆರಡು ಸಲ ಓದಿಕೊಳ್ಳುತ್ತಿದ್ದರು. ಮನೆಯಲ್ಲಿ ಹರ್ಷದಾಳಿಗೆ ಮಾತ್ರ ಇದು ಗೊತ್ತಾಯಿತು. ಅವಳು ಅತ್ತೆಯ ಭುಜ ಒಂದು ಸಲ ಅದುಮಿ ತನ್ನ ಕೆಲಸಕ್ಕೆ ಹೋದಳು.

ಮರುವರ್ಷ ಸಂಕ್ರಾಂತಿಯ ಮಾರನೆಯ ದಿನ ಸಂಯುಕ್ತಾ ಒಂದು ಮಾತು ಹಾಕಿದರು. ಇಲ್ಲಿ ಎಲ್ಲರೂ ಒಂದೊಂದು ಹೆಸರು ಇಟ್ಟುಕೊಂಡಿದ್ದೀರಿ, ಅದು ಹೇಗೆ ಬಂತು ಹೇಳಿ ನೋಡೋಣ ಎಂದು. ಸಂಜೆಯೊಳಗೆ ರಾಶಿ ಬಂದು ಬಿತ್ತು. 'ಗಂಟಿಲ್ಲದಾಕಿ' ಎಂಬವರು ವಿಜಯಪುರದ ನಿವೃತ್ತ ನರ್ಸು. ಕಸೂತಿಯಲ್ಲಿಯೂ ಗಂಟು ಹಾಕಲಿಲ್ಲ, ಬದುಕಿನಲ್ಲಿಯೂ ಹಾಕಿಸಿಕೊಳ್ಳಲಿಲ್ಲ ಎಂದು ಬರೆದಿದ್ದರು. 'ಪಿಂಕಿ ಕೀ ಮಮ್ಮಿ'ಗೆ ಮಕ್ಕಳೇ ಇರಲಿಲ್ಲ, ಪಿಂಕಿ ಎಂಬುದು ಹದಿನಾಲ್ಕು ವರ್ಷ ಬಾಳಿದ ಬೆಕ್ಕು. ತುಳಸಾಬಾಯಿ ನಗುತ್ತ ನಗುತ್ತ ಎಲ್ಲವನ್ನೂ ಓದಿ, ಕಡೆಗೆ ತಮ್ಮದನ್ನು ಬರೆದರು. ಇದು ನನ್ನ ತವರಿನ ಹೆಸರು. ಮದುವೆಯ ದಿನ ಅಕ್ಕಿಯ ಮೇಲೆ ಬೇರೆ ಬರೆದರು. ಈ ಹೆಸರು ಕೇಳಿದರೆ ನಮ್ಮ ಅತ್ತೆಯವರು ಊಟ ಬಿಟ್ಟು ಏಳುತ್ತಿದ್ದರು. ಈ ಮನೆಯಲ್ಲಿ ಯಾರೂ ಹೀಗೆ ಕರೆದಿಲ್ಲ, ಅದಕ್ಕೆ ಇಲ್ಲಿ ಇಟ್ಟುಕೊಂಡೆ.

ಬೆಳಗಾಗುವುದರಲ್ಲಿ ಅದರ ಕೆಳಗೆ ನೂರಾರು ಹೆಂಗಸರು ತಮ್ಮ ತಮ್ಮ ಕಳೆದ ಹೆಸರುಗಳನ್ನು ಬರೆದಿದ್ದರು. ಬರೀ ಹೆಸರು, ಮುಂದೆ ಏನೂ ಇಲ್ಲ. ಇನ್ನು ಕೆಲವರು ಸಿಟ್ಟಿನಿಂದ ಅತ್ತೆಯವರನ್ನು ಬೈದಿದ್ದರು. ಇಂಥ ಮುದುಕಿಯರಿಗೆ ನರಕದಲ್ಲಿಯೂ ಜಾಗ ಸಿಗಬಾರದು ಎಂದು ಒಬ್ಬಳು ಬರೆದಿದ್ದಳು. ತುಳಸಾಬಾಯಿ ಒಂದು ಗಳಿಗೆ ತಡೆದು, ಅದಕ್ಕೂ ಒಂದು ಹೃದಯದ ಗುರುತು ಒತ್ತಿದರು. ಒತ್ತಿದ ಮೇಲೆ ಎದೆ ಹಗುರಾದಂತೆ ಅನಿಸಿದ್ದು ಸುಳ್ಳಲ್ಲ.

ಯಾರೋ ಅದರ ಚಿತ್ರ ತೆಗೆದು ಹರಿಬಿಟ್ಟಿದ್ದರು. ನಾಲ್ಕನೆಯ ದಿನ ಅದು ತಿರುಗಿ ತಿರುಗಿ ರಾಯರ ನಿವೃತ್ತ ಗೆಳೆಯರ ವಾಟ್ಸಾಪ್ ಗುಂಪಿಗೆ ಬಂತು. ಹನ್ನೊಂದು ಗಂಟೆಯ ಚಹಾ ಕುಡಿಯುತ್ತ ರಾಯರು ಓದಿದರು. ಕಪ್ಪು ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಅಂದು ಮಧ್ಯಾಹ್ನ ಅವರು ಮಲಗಲಿಲ್ಲ, ಊಟದಲ್ಲಿ ಎರಡನೆಯ ರೊಟ್ಟಿ ಮುಟ್ಟಲಿಲ್ಲ. ಹೆಂಡತಿ ಕೇಳಿದರೆ ಫೋನು ಮುಂದಕ್ಕೆ ಸರಿಸಿದರು, ಅಷ್ಟೇ. ತುಳಸಾಬಾಯಿಗೆ ಮೊದಲು ಹೆದರಿಕೆಯಾಯಿತು. ಆಮೇಲೆ, ಆಗಲಿ, ಇಷ್ಟು ವರ್ಷಕ್ಕೆ ಗೊತ್ತಾಗಲಿ ಎಂಬ ಹಟವೂ ಬಂತು. ಎರಡು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು.

ಮೂರನೆಯ ದಿನ ಅವರು ದಾರ ತರಲು ಬೇಗಂ ಬಜಾರಿಗೆ ಹೊರಟರು. ರಾಯರು ಅಂಗಿ ಹಾಕಿಕೊಂಡು, ನಾನೂ ಬರುತ್ತೇನೆ ಎಂದರು. ಲಗ್ನವಾದಾಗಿನಿಂದ ದಾರ ಕೊಳ್ಳಲು ಅವರು ಜೊತೆಗೆ ಬಂದದ್ದೇ ಇಲ್ಲ. ಮೆಟ್ರೋದಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತು ಕಿಟಕಿಯ ಆಚೆ ನೋಡಿದರು. ಬಜಾರಿನಲ್ಲಿ ದಾರದ ಅಂಗಡಿಯ ದಾರಿ ಬಿಟ್ಟು ರಾಯರು ಹಿಂದಿನ ಓಣಿಗೆ ತಿರುಗಿದರು. ಪ್ಲಾಸ್ಟಿಕ್ ಬಕೀಟುಗಳನ್ನು ಗೋಪುರದಂತೆ ಒಟ್ಟಿದ್ದ ಒಂದು ಹಳೆಯ ಕಟ್ಟಡದ ಮುಂದೆ ನಿಂತರು. ಬಕೀಟುಗಳ ಹಿಂದೆ ಕಲ್ಲಿನ ಮೆಟ್ಟಿಲು ಕಾಣುತ್ತಿತ್ತು.

"ಮ್ಯಾಲಿನ ಖೋಲಿ ನಮ್ಮದಿತ್ತು" ಎಂದರು. "ನಾ ಆಗ ಒಂಬತ್ತು ವರ್ಷದಾಂವ. ನನಗ ಒಬ್ಬಾಕಿ ತಂಗಿ ಇದ್ದಳು. ಐದು ವರ್ಷದಾಕಿ. ಗಂಟಲುಮಾರಿ ಬಂದು ಎರಡು ದಿನದಾಗ ಹೋದಳು."

ತುಳಸಾಬಾಯಿ ಕಾದರು. ರಾಯರು ಮೆಟ್ಟಿಲ ಕಡೆಗೇ ನೋಡುತ್ತಿದ್ದರು.

"ಸುವರ್ಣಾ ಅಂತ ಅಕಿ ಹೆಸರು."

ಕೈಗಾಡಿಯವನೊಬ್ಬ ದಾರಿ ಬಿಡಿ ಎಂದು ತೆಲುಗಿನಲ್ಲಿ ಕೂಗಿದ. ಇಬ್ಬರೂ ಗೋಡೆಗೆ ಸರಿದು ನಿಂತರು. ಗಾಡಿ ಹೋದ ಮೇಲೆ ತುಳಸಾಬಾಯಿ ಕೇಳಿದರು: "ನಲವತ್ತು ವರ್ಷ ಆತಲ್ಲರೀ. ಒಂದ ದಿನಾನೂ ಹೇಳಬೇಕು ಅನಸಲಿಲ್ಲೇನು?"

ಸೊಸೆ ಬಂದರೆ ಹೆಸರು ಬದಲಿಸುವುದು ಎಲ್ಲರ ಮನೆಯ ಪದ್ಧತಿ, ಅದರ ಮರೆಯಲ್ಲಿ ಇದೂ ನಡೆದುಹೋಯಿತು, ಬಿಡಿಸಿ ಹೇಳುವ ಪ್ರಸಂಗವೇ ಬರಲಿಲ್ಲ ಎಂದರು ರಾಯರು. ಮಗು ಹೋದ ಮೇಲೆ ತಾಯಿ ಆ ಹೆಸರು ಕಿವಿಗೆ ಬಿದ್ದರೆ ಅನ್ನ ಬಿಡುತ್ತಿದ್ದರಂತೆ. ಇನ್ನು ಯಾರೂ ಎತ್ತಬಾರದು ಎಂದು ತಂದೆ ಹೇಳಿದರಂತೆ. "ನಾ ಎತ್ತಲಿಲ್ಲ. ಆಮ್ಯಾಲೆ ಎತ್ತಲಿಕ್ಕೆ ಬಾಯೇ ಬರಲಿಲ್ಲ."

"ಮತ್ತ ಅದ ಹೆಸರಿನಾಕಿನ್ನ ಯಾಕ ತಂದ್ರಿ?"

"ಹೆಸರು ಕೇಳಿ ಅಪ್ಪ ಬ್ಯಾಡ ಅಂದ್ರು. ಅವ್ವನೇ ಹಟ ಹಿಡದಳು. ಹುಡುಗಿ ಛಲೋ ಅದಾಳ, ಹೆಸರಿಗೆ ಹೆದರಿ ಬಿಡಬಾರದು ಅಂದಳು."

ತುಳಸಾಬಾಯಿ ಮುಂದೆ ಮುಂದೆ ನಡೆದು ದಾರದ ಅಂಗಡಿಗೆ ಹೋದರು. ಕೆಂಪು, ಹಸಿರು, ಅರಿಶಿನ, ನೇರಳೆ ಲಡಿಗಳನ್ನು ಆರಿಸಿದರು. ಅಂಗಡಿಯವನು ಸುತ್ತಿಕೊಡುವಾಗ ನೋಡಿದರೆ ಕೆಂಪನ್ನೇ ಎರಡು ಸಲ ತೆಗೆದಿದ್ದರು.

ವಾಪಸು ಬರುವಾಗ ಮೆಟ್ರೋದಲ್ಲಿ ಅವರಿಗೆ ಅತ್ತೆಯ ಕಡೆಯ ವಾರ ನೆನಪಾಯಿತು. ಒಂದು ಮಧ್ಯಾಹ್ನ ನೀರು ಕುಡಿಸಲು ಹೋದಾಗ ಮುದುಕಿ ಲೋಟವನ್ನು ತಾನೇ ಕಸಿದುಕೊಂಡು, ನಡುಗುವ ಕೈಯಿಂದ ಸೊಸೆಯ ತುಟಿಗೆ ಹಿಡಿದು, "ಸುವರ್ಣಾ, ಬಾಯಿ ತೆರಿಯವ್ವಾ, ಒಂದ ಗುಟುಕು" ಎಂದಿದ್ದರು. ಕಡೆಗಾಲದಲ್ಲಾದರೂ ನನ್ನ ಹೆಸರು ನನಗೆ ಕೊಟ್ಟರಲ್ಲ ಎಂದು ಅಂದು ತುಳಸಾಬಾಯಿಗೆ ಕಣ್ಣು ತುಂಬಿತ್ತು. ಬಾಯಿ ತೆರೆದು ಆ ನೀರು ಕುಡಿದಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ, ಗುಂಪಿನಲ್ಲಿ ಬರೆಯುವಾಗಲೂ ಬಿಟ್ಟಿದ್ದರು, ಪ್ರಸಾದದಂತೆ ಬಚ್ಚಿಟ್ಟುಕೊಂಡಿದ್ದರು. ಆ ಲೋಟ ಯಾರ ಬಾಯಿಗಾಗಿ ಎತ್ತಿದ್ದು ಎಂಬುದು ಈಗ ತಿಳಿಯಿತು. ನುಂಗಲಾಗದೆ ಹೋದ ಮಗುವಿನ ಬಾಯಿಗೆ.

ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಕಾರಣ ಎಷ್ಟು ದೊಡ್ಡದಾದರೂ ತಮ್ಮ ಹೆಸರು ಹೋದದ್ದು ಹೋದದ್ದೇ ಅಲ್ಲವೇ. ಒಂದು ಮಾತು ಮೊದಲೇ ಹೇಳಿದ್ದರೆ ತಾವೇ ಮನಸಾರೆ ಆ ಹೆಸರನ್ನು ಆ ತಾಯಿಯ ಮುಂದೆ ಇಟ್ಟುಬಿಡುತ್ತಿದ್ದರು. ಕೊಡುವುದಕ್ಕೂ ಕಿತ್ತುಕೊಳ್ಳುವುದಕ್ಕೂ ವ್ಯತ್ಯಾಸವಿಲ್ಲವೇ. ಮನೆ ತಲುಪುವವರೆಗೆ ಇದನ್ನೇ ಯೋಚಿಸಿದರು, ತೀರ್ಮಾನ ಸಿಗಲಿಲ್ಲ.

ಮನೆಗೆ ಬಂದು ಮೊದಲು ಮಾಡಿದ್ದು ಫೋನು ತೆರೆದು ಆ ನರಕದ ಮಾತಿಗೆ ಒತ್ತಿದ ಗುರುತನ್ನು ತೆಗೆದದ್ದು. ಬರೆದದ್ದನ್ನೇ ಅಳಿಸಿಬಿಡೋಣ ಎಂದುಕೊಂಡರು. ಆದರೆ ಅದು ಆಗಲೇ ಎಲ್ಲೆಲ್ಲಿಗೋ ಹೋಗಿತ್ತು. ಅದೂ ಅಲ್ಲದೆ ಅದರ ಕೆಳಗೆ ಅಷ್ಟು ಹೆಂಗಸರ ಹೆಸರುಗಳಿದ್ದವು. ಅವನ್ನು ಅಳಿಸುವ ಹಕ್ಕು ತನಗೆಲ್ಲಿಯದು ಎನಿಸಿತು. ಸಂಜೆ ಹರ್ಷದಾ ಬಂದ ಮೇಲೆ ಎಲ್ಲವನ್ನೂ ಅವಳಿಗೆ ಹೇಳಿದರು. ಅಜ್ಜಿಯ ವಿಷಯ ಹೊರಗಿನವರಿಗೆ ಯಾಕೆ, ಇನ್ನು ಸುಮ್ಮನಿದ್ದುಬಿಡಿ ಎಂದಳು ಅವಳು. ತುಳಸಾಬಾಯಿ ಒಪ್ಪಲಿಲ್ಲ. "ಅವರನ್ನ ಬೈಸಿದಾಕಿ ನಾನ. ಅದರಿಂದ ಬಿಡಿಸಬೇಕಾದಾಕಿನೂ ನಾನ" ಎಂದರು.

ಅವರು ಎರಡನೆಯದನ್ನು ಬರೆದರು. ಬೇಗಂ ಬಜಾರಿನ ಮೆಟ್ಟಿಲು, ಐದು ವರ್ಷದ ಹುಡುಗಿ, ಬೇಡವೆಂದರೂ ಅದೇ ಹೆಸರಿನ ಸೊಸೆಯನ್ನು ತಂದುಕೊಂಡ ತಾಯಿ. ನಮ್ಮ ಅತ್ತೆಯವರ ಬಗ್ಗೆ ನಾನು ಅರ್ಧ ಹೇಳಿದ್ದೆ, ಇದು ಉಳಿದರ್ಧ ಎಂದು ಮುಗಿಸಿದರು. ಇದಕ್ಕೆ ನಲವತ್ತು ಜನರೂ ಉತ್ತರಿಸಲಿಲ್ಲ. ಯಾರೂ ಚಿತ್ರ ತೆಗೆದು ಹರಿಬಿಡಲಿಲ್ಲ. ಮೊದಲನೆಯದೇ ಇನ್ನೂ ಊರೂರು ಸುತ್ತುತ್ತಿತ್ತು. ಸಂಯುಕ್ತಾ ಮಾತ್ರ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಹೆಸರು ಬದಲಿಸಿಕೊಳ್ಳುತ್ತೀರಾ, ಬೇಕಿದ್ದರೆ ಮಾಡಿಕೊಡುತ್ತೇನೆ ಎಂದು ಕೊನೆಗೆ ಕೇಳಿದರು. ಬೇಡ, ಅದು ನನ್ನದೂ ಹೌದು ಎಂದರು ತುಳಸಾಬಾಯಿ.

ರಾಯರು ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ "ಸುವರ್ಣಾ" ಎಂದರು. ತುಳಸಾಬಾಯಿ ಹಿಟ್ಟು ನಾದುತ್ತಲೇ, ಏನು ಮಾಡುತ್ತಿದ್ದಳು ಅವಳು ಎಂದು ಕೇಳಿದರು. ತಂಗಿಯ ಮಾತು ತೆಗೆದಿದ್ದಾರೆ ಎಂದುಕೊಂಡಿದ್ದರು. ಇಲ್ಲ, ನಿನ್ನನ್ನೇ ಕರೆದೆ ಎನ್ನಲು ರಾಯರಿಗೆ ನಾಚಿಕೆಯಾಯಿತು. ನಿಂತಲ್ಲೇ ಒಂದು ಕ್ಷಣ ಯೋಚಿಸಿ, ಚುರುಮುರಿಯಲ್ಲಿನ ಪುಠಾಣಿ ಕಾಳು ಆರಿಸಿ ತಿಂದು ಬರೀ ಚುರುಮುರಿ ನನಗೆ ಬಿಡುತ್ತಿದ್ದಳು ಎಂದರು.

ಹಾಗೆ ಶುರುವಾಯಿತು. ಈಗ ನಾಲ್ಕು ಗಂಟೆಯ ಚಹಾಕ್ಕೆ ಕುಳಿತಾಗ ರಾಯರಿಗೆ ಏನಾದರೊಂದು ನೆನಪಾಗುತ್ತದೆ. ಪಾಟಿಯ ಮೇಲಿನ ಲೆಕ್ಕ ಒರೆಸಿ ಹಾಕಿದ್ದು, ಮೆಟ್ಟಿಲ ಮೇಲೆ ಕುಳಿತು ಎತ್ತಿನ ಗಾಡಿ ಎಣಿಸಿದ್ದು. ಐದು ವರ್ಷದ ಬದುಕು, ಎಷ್ಟು ದಿನ ಬಂದೀತು. ಕೆಲವು ಎರಡೆರಡು ಸಲ ಬರುತ್ತವೆ. ತುಳಸಾಬಾಯಿ ಸೂಜಿ ಕೆಳಗಿಡದೆ ಕೇಳುತ್ತಾರೆ. ಹೋದ ಸಲ ಹೇಳಿದ್ದಕ್ಕೂ ಈ ಸಲದ್ದಕ್ಕೂ ತಾಳೆಯಾಗದಿದ್ದರೆ, ಅವತ್ತು ಅವಳು ಉಟ್ಟದ್ದು ಕೆಂಪು ಪರಕಾರ ಅಂದಿದ್ದಿರಲ್ಲ ಎಂದು ತಿದ್ದುತ್ತಾರೆ.