ಟೋಕಿಯೊದ ಕೊಳದಲ್ಲಿ ಶಾರದೆ

ಹೋದ ಬೇಸಿಗೆ ರಜೆಯಲ್ಲಿ, ಡಲ್ಲಾಸ್‌ಗೆ ನಮ್ಮ ಮನೆಗೆ ಬಂದಿದ್ದ ಅತ್ತೆಯನ್ನು ಬೆಂಗಳೂರಿಗೆ, ಮಾವನ ಹತ್ತಿರ ಬಿಟ್ಟುಬರಲು ಎಲ್ಲರೂ ಹೊರಟೆವು. ದಾರಿಯಲ್ಲಿ ಟೋಕಿಯೊದಲ್ಲಿ ಒಂದು ದಿನ ಇಳಿದದ್ದು ಮಗಳ ಆಸೆಗೆ. ಹೈಸ್ಕೂಲಿನ ಹುಡುಗಿ. ಮುಗಿಲು ಮುಟ್ಟುವ ಟವರ್, ಸಿಗ್ನಲ್ ಬಿದ್ದೊಡನೆ ಊರಿಗೆ ಊರೇ ದಾಟುವ ರಸ್ತೆ, ಎಲ್ಲವನ್ನೂ ಫೋನಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದಳು.

ಹೋಟೆಲಿನಲ್ಲಿ ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಅತ್ತೆ, "ದೇವರ ಪೆಟ್ಟಿಗೆ ಎಲ್ಲಮ್ಮ?" ಎಂದರು.

ಅವರು ಪೂಜೆ ಮಾಡುವ ಬೆಳ್ಳಿ ಶಾರದೆ ಆ ಪೆಟ್ಟಿಗೆಯಲ್ಲಿದ್ದಳು. ಗಂಟೆ, ದೀಪ ನೋಡಿ ಸೆಕ್ಯುರಿಟಿಯವರು ಪ್ರಶ್ನೆ ಕೇಳುತ್ತಾರೆಂದು ನನ್ನ ಯಜಮಾನರು ಅದನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿದ್ದರು. ಸೂಟ್‌ಕೇಸು ನೇರ ಬೆಂಗಳೂರಿಗೆ ಚೆಕ್ ಇನ್ ಆಗಿತ್ತು.

ತಾಯಿಯ ಮುಖ ನೋಡದೆ ಅತ್ತೆ ಬಾಯಿಗೆ ಏನೂ ಹಾಕುವವರಲ್ಲ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವಂತಿಲ್ಲ.

"ಅಮ್ಮ, ಫೋನಲ್ಲಿ ಫೋಟೋ ಇದೆ. ಕೈ ಮುಗಿದು ತಿಂದುಬಿಡು" ಎಂದರು ಯಜಮಾನರು.

"ಫೋನಲ್ಲಿ ದೋಸೆ ಫೋಟೋನೂ ಇರುತ್ತಲ್ಲೋ, ನೀನು ಅದನ್ನೇ ತಿಂದ್ಕೊಂಡಿರು!"

ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್ ಆಫೀಸಿನಲ್ಲಿ ಒಂದು ಟೀಮಿಗೇ ಬುದ್ಧಿ ಹೇಳುವ ಮನುಷ್ಯ ಬಗ್ಗಿ ಶೂ ಹಾಕಿಕೊಳ್ಳತೊಡಗಿದರು. ನಾನು ಮನೆಯಿಂದ ತಂದಿದ್ದ ಅವಲಕ್ಕಿಗೆ ಕೆಟಲಿನ ಬಿಸಿನೀರು ಚಿಮುಕಿಸಿ, ಪುಡಿ ಕಲಸಿ ಡಬ್ಬಿಗೆ ತುಂಬಿದೆ. ಕೋಣೆಯಲ್ಲಿ ಕೆಟಲಾದರೂ ಇತ್ತಲ್ಲ, ಅದೂ ಆ ಶಾರದೆಯ ದಯೆಯೇ.

ಮಗಳು ಮೊದಲು ಕರೆದೊಯ್ದದ್ದು ಅಸಕುಸಾ ಎಂಬಲ್ಲಿನ ಹಳೆಯ ಗುಡಿಗೆ. ಮುಂಬಾಗಿಲಲ್ಲಿ ಆಳಿಗಿಂತ ದೊಡ್ಡ ಕೆಂಪು ಕಾಗದದ ದೀಪ. ಅಂಗಳದಲ್ಲಿ ಜನ ಊದುಬತ್ತಿಯ ಹೊಗೆಯನ್ನು ಕೈಯಿಂದ ಮೈಗೆ ಎಳೆದುಕೊಳ್ಳುತ್ತಿದ್ದರು. ಅತ್ತೆಯೂ ಮಂಗಳಾರತಿಯ ಹಾಗೆ ಕಣ್ಣಿಗೊತ್ತಿಕೊಂಡು, ಇನ್ನಷ್ಟನ್ನು ಮಂಡಿಗೆ ಸವರಿಕೊಂಡರು. ಇದೇ ಸಮಯವೆಂದು ನಾನು ಡಬ್ಬಿ ತೆಗೆದೆ.

"ಇದು ಬುದ್ಧನ ಗುಡಿ ಕಣಮ್ಮ. ದೊಡ್ಡೋನು, ನಮಸ್ಕಾರ ಮಾಡಿದೆ. ಆದ್ರೆ ನಂಗೆ ತಾಯಿ ಬೇಕು."

ಅಷ್ಟು ಹೇಳಿ ಅಲ್ಲೇ ಬೆಂಚಿನ ಮೇಲೆ ಕುಳಿತರು. ಹಣೆ ಬೆವರಿತ್ತು, ಬೆರಳು ನಡುಗುತ್ತಿದ್ದವು. ಸಕ್ಕರೆ ಇಳಿಯುತ್ತಿತ್ತು. ಮಗಳು ಅಜ್ಜಿಯ ಕೈ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಫೋನ್ ಹುಡುಕಿದಳು.

"ಅಮ್ಮಾ, ಸರಸ್ವತಿ ಟೆಂಪಲ್ ಇದೆ. ಹಿಯರ್. ಇನ್ ಟೋಕಿಯೊ."

"ಜಪಾನಿನವರಿಗೆಲ್ಲಿಂದ ಬಂದಳೇ ಸರಸ್ವತಿ?" ಎಂದೆ ನಾನು.

"ಬುದ್ಧನ ಜೊತೇನೇ ಬಂದಿರ್ತಾಳೆ" ಎಂದು ಅತ್ತೆಯೇ ಎದ್ದು ನಿಂತರು.

"ನಿನ್ನ ಟವರ್ ಟಿಕೆಟ್ ಟೈಮ್ ಆಗ್ತಿದೆಯಲ್ಲ, ಪುಟ್ಟಿ?" ಎಂದರು ಯಜಮಾನರು.

"ಇಟ್ಸ್ ಓಕೆ, ಅಪ್ಪಾ. ಟ್ಯಾಕ್ಸಿ ಕರಿ."

ಉಎನೊ ಎಂಬಲ್ಲಿ ಒಂದು ದೊಡ್ಡ ಕೊಳ. ನೀರೇ ಕಾಣದಷ್ಟು ತಾವರೆ ಎಲೆ, ನಡುನಡುವೆ ಗುಲಾಬಿ ಬಣ್ಣದ ಹೂವು. ಕೊಳದ ಮಧ್ಯೆ ಎಂಟು ಮೂಲೆಯ ಗುಡಿ. ಒಳಗಿನ ಮೂರ್ತಿಯನ್ನು ದಿನವೂ ತೋರಿಸುವುದಿಲ್ಲವಂತೆ. ಅದನ್ನು ಅತ್ತೆಗೆ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿರುವಾಗಲೇ ಅವರು ಗುಡಿಯ ಮುಂದೆ ನಿಂತುಬಿಟ್ಟರು. ಅಲ್ಲೊಂದು ವಾದ್ಯ ನಿಲ್ಲಿಸಿದ್ದರು. ತಂತಿ, ಮೆಟ್ಟಿಲು, ಬುರುಡೆ.

"ವೀಣೆ ಕಣೇ! ನೋಡೇ, ವೀಣೆ ಇಟ್ಟು ಒಳಗೆ ಹೋಗಿದಾಳೆ."

ಹೇಳುತ್ತಲೇ ಬ್ಯಾಗಿನಿಂದ ಕುಂಕುಮದ ಭರಣಿ ತೆಗೆದು, ಚಿಟಿಕೆ ಹಿಡಿದು, ಆ ವಾದ್ಯಕ್ಕೆ ಹಚ್ಚಲು ಕೈ ಚಾಚಿದರು. ಕಾವಲಿನಾತ ಗಾಬರಿಯಿಂದ ಎರಡೂ ಕೈ ಅಡ್ಡ ಹಿಡಿದ. ಮಗಳು ಅಜ್ಜಿಯ ಮಣಿಕಟ್ಟು ಹಿಡಿದುಕೊಂಡಳು.

"ಅಜ್ಜಿ, ನೋ! ಹಚ್ಚಬಾರದು ಇಲ್ಲಿ."

ಅತ್ತೆಯ ಕೈ ಅಲ್ಲೇ ನಿಂತಿತು. "ತಾಯಿಗೆ ಅಂತ ತೆಗೆದದ್ದನ್ನ ವಾಪಸ್ ಭರಣಿಗೆ ಹಾಕೋ ಹಾಗಿಲ್ವಲ್ಲೇ ಮಗು" ಎಂದರು, ಚಿಕ್ಕ ದನಿಯಲ್ಲಿ.

ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ ದೇವಸ್ಥಾನದಿಂದ ಹೊರಬಂದು ಕಾರು ಹತ್ತುವ ಮುಂಚೆಯೇ ಹಣೆಯ ಕುಂಕುಮ ಒರೆಸಿಕೊಳ್ಳುವ ಹುಡುಗಿ, ಮುಂಗೂದಲನ್ನು ಹಿಂದಕ್ಕೆ ತಳ್ಳಿ ಅಜ್ಜಿಯ ಮುಂದೆ ತಲೆ ಬಾಗಿಸಿದಳು. ಅತ್ತೆ ಹಚ್ಚಿದರು. ಹಚ್ಚಿ, ಅವಳ ಗಲ್ಲ ಹಿಡಿದು ಮುಖ ನೋಡಿದರು, ಗರ್ಭಗುಡಿಯ ಮುಂದೆ ನಿಂತು ನೋಡುವ ಹಾಗೆ. ಕಾವಲಿನಾತ ನಮಗೆ ಬಗ್ಗಿ ನಮಸ್ಕರಿಸಿದ.

"ಆಯ್ತು" ಎಂದರು ಅತ್ತೆ. "ಕೊಡಮ್ಮ ಡಬ್ಬಿ."

ಕೊಳದ ಕಟ್ಟೆಯ ಮೇಲೆ ಕೂತರು. ಅವಲಕ್ಕಿ ತಣ್ಣಗಾಗಿ ಗಟ್ಟಿಯಾಗಿತ್ತು. ಮೊದಲ ತುತ್ತು ನುಂಗುವ ತನಕ ನಾವು ಮೂವರೂ ಅವರ ಬಾಯನ್ನೇ ನೋಡುತ್ತಿದ್ದೆವು.

"ಉಪ್ಪು ಸಾಲದು" ಎಂದು ಇನ್ನೊಂದು ತುತ್ತು ತೆಗೆದುಕೊಂಡರು.

ನಾನು ಮಾತ್ರೆ, ನೀರು ಕೈಗಿಟ್ಟೆ.