ಹಗುರಾದ ಟ್ಯಾಂಕು

ಮನೆ ಕೈತಪ್ಪಿದ ಮೇಲೆ ವೆಲ್ಡರನಿಗೂ ಅವನ ತಾಯಿಗೂ ಉಳಿದದ್ದು ಒಂದು ಹಳೇ ಕ್ಯಾರವಾನು, ಗಾಲಿ ಮೇಲಿನ ಪುಟ್ಟ ಮನೆ. ಅವನಿಗೇನೋ ವರ್ಕ್‌ಶಾಪಿನ ಕಕ್ಕಸಿತ್ತು. ಕಾಲು ಬಿದ್ದುಹೋಗಿದ್ದ ತಾಯಿಗೆ ಒಳಗಿನ ಕೆಮಿಕಲ್ ಟಾಯ್ಲೆಟ್ಟೇ ಗತಿ. ಮಲಮೂತ್ರ ತುಂಬುವ ಅದರ ಟ್ಯಾಂಕನ್ನು ಹೊರಗಿನ ಪುಟ್ಟ ಬಾಗಿಲಿನಿಂದ ಎಳೆದು, ಮೂಗು ಮುಚ್ಚಿಕೊಳ್ಳುವ ನೆರೆಯವರ ಮುಂದೆಯೇ ಹೊತ್ತೊಯ್ದು ಗುಂಡಿಗೆ ಸುರಿಯಬೇಕು, ತೊಳೆದು ಹೊಲಸು ಕರಗಿಸುವ ನೀಲಿ ದ್ರಾವಣ ಹಾಕಿ ಮತ್ತೆ ಕೂರಿಸಬೇಕು. ಪ್ರತಿಸಲವೂ ಗೊಣಗುತ್ತಿದ್ದ: "ಇದೇನು ಕರ್ಮವೋ, ಖಾಲಿ ಮಾಡಿದಷ್ಟೂ ತುಂಬುತ್ತೆ." ಕ್ಯಾರವಾನಿನ ತೆಳು ಗೋಡೆಯಾಚೆಗಿನ ತಾಯಿಗೆ ಎಲ್ಲಾ ಕೇಳಿಸುತ್ತಿತ್ತು.

ಈ ವಾರ ಟ್ಯಾಂಕು ಹಗುರಾಗುತ್ತಾ ಬಂತು. ಹೊಸ ದ್ರಾವಣದ ಮಹಿಮೆ ಎಂದು ಹಿಗ್ಗಿದ. ಇಂದು ಸುರಿದು ನೋಡಿದರೆ, ಬಿದ್ದದ್ದು ಹೆಚ್ಚುಕಮ್ಮಿ ಅವನೇ ಹಾಕಿದ್ದ ನೀಲಿ ನೀರು.

ಒಳಗೋಡಿದ. ಬೆಳಗ್ಗೆ ಇಟ್ಟುಹೋದ ನೀರಿನ ಬಾಟಲಿ ಇಟ್ಟ ಹಾಗೇ ಇತ್ತು. ತಾಯಿಯ ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ಯಾಕಮ್ಮಾ ಕುಡೀಲಿಲ್ಲ?"

"ಕುಡಿದ್ರೆ ನೀನೇ ಹೊರಬೇಕಲ್ಲಪ್ಪಾ."

ತಲೆ ಎತ್ತಿ ಹಿಡಿದು ಲೋಟ ಬಾಯಿಗಿಟ್ಟ. ಅವಳು ತುಟಿ ಬಿಗಿಹಿಡಿದಳು. ನೀರು ಗಲ್ಲದಿಂದಿಳಿದು ದಿಂಬು ನೆನೆಯಿತು. ಗೊಣಗುತ್ತಿದ್ದ ಬಾಯಲ್ಲೇ ಅಂಗಲಾಚಿದ:

"ಕುಡಿಯಮ್ಮಾ. ಆ ಹಾಳು ಟ್ಯಾಂಕು ತುಂಬಿಸಮ್ಮಾ. ದಿನಾ ತುಂಬಿಸು."