ಅಪೋಲಿನ್‌ಗೆ ಒಂದು ಪೂಜೆ

ನಮ್ಮ ಇಂಗ್ಲಿಷ್ ಟೀಚರು ಬಾಯಿಯ ಎಡಹುಬ್ಬು ಇದ್ದಲ್ಲಿ ಇರುತ್ತಿರಲಿಲ್ಲ. ಬಲಹುಬ್ಬು ಮರ್ಯಾದಸ್ಥ. ಎಡದ್ದು ಮಾತ್ರ ಪುಸ್ತಕ ತೆರೆದ ಕೂಡಲೇ ಹಣೆಯ ಮೇಲೆ ಹತ್ತಲು ಶುರುಮಾಡುತ್ತಿತ್ತು. ಕಥೆಯಲ್ಲಿ ಯಾರಾದರೂ ಸುಳ್ಳು ಹೇಳಿದರೆ ಅರ್ಧ ಹಣೆ, ಹೆಂಡತಿ ಗಂಡನ ಕಣ್ಣು ತಪ್ಪಿಸಿ ಮನೆಯಿಂದ ಹೊರಟರೆ ಕೂದಲಿನವರೆಗೆ. ಟೀಚರುಗಳ ಕೋಣೆಯಲ್ಲಿ ಎದುರು ಕೂತು ಆ ಹುಬ್ಬನ್ನು ನೋಡುತ್ತಲೇ ನಾನು ಎಷ್ಟೋ ಕಾದಂಬರಿಗಳ ಏರಿಳಿತವನ್ನು ತಿಳಿದುಕೊಂಡಿದ್ದೇನೆ.

ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವುದೇ ಬಾಯಿ ಎಂದು. ಅವರು ಇಂಗ್ಲಿಷ್ ಕಲಿಸುತ್ತಿದ್ದರು, ನಾನು ಕನ್ನಡ. ಐವತ್ತರ ದಶಕದ ಕೊನೆಯ ವರ್ಷಗಳು. ಕಾಪುವಿನ ಹತ್ತಿರದ ಒಂದು ಇಗರ್ಜಿಯ, ಎಂದರೆ ಚರ್ಚಿನ, ಶಾಲೆ. ಯಾವುದು ಎನ್ನುವುದು ಬೇಡ. ನಾನು ಕಾರ್ಕಳದವಳು, ಬನ್ನಂಜೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮಡಿ, ಮೈಲಿಗೆ, ಊರವರ ಮಾತು ಎಲ್ಲದಕ್ಕೂ ಹೆದರಿ ಬೆಳೆದ ಹುಡುಗಿ.

ಸೇರಿದ ವಾರದಲ್ಲೇ ಮೊದಲ ಆಘಾತ. ಬಾಯಿಯ ಕೈಯಲ್ಲಿ ಕಪ್ಪು ಬಟ್ಟೆಯ ಹೊದಿಕೆ ಹಾಕಿದ, ಮೇಲೆ ಬಿಳಿ ದಾರದಲ್ಲಿ ಶಿಲುಬೆ ಹೊಲಿದ ಪುಸ್ತಕ. ಬೈಬಲ್ ಇರಬೇಕು, ಎಂಥ ಭಕ್ತೆ ಎಂದುಕೊಂಡೆ. ಅವರು ನೀರು ಕುಡಿಯಲು ಎದ್ದಾಗ ತೆರೆದಿದ್ದ ಪುಟದ ಮೇಲೆ ಕಣ್ಣು ಹಾಯಿತು. ಒಬ್ಬ ವ್ಯಾಪಾರಿಯ ಹೆಂಡತಿ ಹಗಲು ಹೊತ್ತಿನಲ್ಲಿ, ಬಾಗಿಲು ಹಾಕಿಕೊಂಡು, ಗಂಡನಲ್ಲದವನ ಮುಂದೆ ಕೈಗವಸು ಕಳಚುತ್ತಿದ್ದಳು. ಕೈಗವಸು ಮಾತ್ರವೇ ಆಗಿದ್ದರೆ ಅಡ್ಡಿಯಿರಲಿಲ್ಲ. ನನ್ನ ಕಿವಿ ಕಾದ ಹಂಚಾಯಿತು.

“ಎಂತ ಟೀಚರೇ, ಸೆಕೆ ಆಗ್ತಾ ಉಂಟಾ?” ಎಂದರು ಬಾಯಿ, ಲೋಟ ಇಡುತ್ತ.

“ಇದು… ಬೈಬಲ್ ಅಲ್ವಾ?”

“ಅಲ್ಲ ಮಾರಾಯ್ತಿ. ಅಂಗಿ ಮಾತ್ರ ಬೈಬಲಿದ್ದು. ಫ್ರೆಂಚರು ಬರೆದದ್ದು, ಇಂಗ್ಲಿಷರು ತಿರುಗಿಸಿದ್ದು, ಕಾಪುವಿನವಳು ಓದುವುದು.”

ಅವರ ತಮ್ಮ ಹಡಗಿನಲ್ಲಿ ಅಡುಗೆಯವನು. ರಜೆಯಲ್ಲಿ ಬರುವಾಗ ಊರಿಗೆಲ್ಲ ಸಾಬೂನು, ಅಕ್ಕನಿಗೆ ಮಾತ್ರ ಬಂದರುಗಳ ಹಳೆ ಅಂಗಡಿಗಳಿಂದ ಪುಸ್ತಕ. ಎಲ್ಲ ಫ್ರೆಂಚ್ ಕಾದಂಬರಿಗಳ ಇಂಗ್ಲಿಷ್ ಅನುವಾದ. ಬೇರೆ ಪುಸ್ತಕ ತಂದರೆ ಬಾಯಿ ಮುಖ ತಿರುಗಿಸುತ್ತಿದ್ದರಂತೆ. ಯಾಕೆ ಎಂದು ಕೇಳಿದ್ದಕ್ಕೆ, “ಇಂಗ್ಲಿಷರದ್ದು ಮದುವೆ ಆದ ಕೂಡಲೇ ಕಥೆ ಮುಗೀತದೆ. ಫ್ರೆಂಚರದ್ದು ಮದುವೆ ಆದ ಮೇಲೆಯೇ ಶುರು. ಯಾವುದು ನಿಜ ಅಂತ ನೀವೇ ಹೇಳಿ” ಎಂದರು. ನನಗಿನ್ನೂ ಮದುವೆಯಾಗಿರಲಿಲ್ಲ.

ಕಪ್ಪು ಹೊದಿಕೆ ಶೋಕಿಗಲ್ಲ. ಇಂಥಿಂಥ ಪುಸ್ತಕಗಳನ್ನು ಕ್ರೈಸ್ತರು ಓದಬಾರದೆಂದು ಆಗ ರೋಮಿನಲ್ಲೇ ತೀರ್ಮಾನವಾಗಿತ್ತು. ಅದರಲ್ಲಿ ಫ್ರೆಂಚರದ್ದು ದೊಡ್ಡ ಪಾಲು. ಇಗರ್ಜಿಯ ಪಾದ್ರಿಗಳೇ ನಮ್ಮ ಶಾಲೆಯ ಮ್ಯಾನೇಜರು. ಸಿಕ್ಕಿಬಿದ್ದರೆ ಬಾಯಿಯ ಕೆಲಸ ಹೋಗುತ್ತಿತ್ತು. ಮದುವೆಯಾಗದ ಹೆಂಗಸು, ಹಾಸಿಗೆ ಹಿಡಿದ ತಾಯಿ, ಈ ಕೆಲಸ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಅಂಥ ಹೆಂಗಸು ಗುಟ್ಟಾಗಿ ಓದಿ ಸುಮ್ಮನಿರಬೇಡವೇ? ಇಲ್ಲ. ಶನಿವಾರ ಮಧ್ಯಾಹ್ನ ಅವರ ಮನೆಯ ಜಗಲಿ ತುಂಬ ಬೀಡಿ ಕಟ್ಟುವ ಹೆಂಗಸರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಕತ್ತರಿ ಮತ್ತು ಹೊಗೆಸೊಪ್ಪಿನ ಪುಡಿ. ಹೆಚ್ಚಿನವರು ಕ್ರೈಸ್ತರು, ಜೊತೆಗೆ ಮೀನು ಮಾರಿ ಬುಟ್ಟಿ ಖಾಲಿಯಾದ ಮೇಲೆ ಬಂದು ಕೂರುವ ಒಬ್ಬ ಮೊಗವೀರ ಮುದುಕಿ. ಅವರಿಗೆಲ್ಲ ಬಾಯಿ ತುಳುವಿನಲ್ಲಿ ಕಥೆ ಹೇಳುತ್ತಿದ್ದರು. ಒಮ್ಮೆ ನನ್ನನ್ನೂ ಕರೆದರು. ಹೋದೆ, ಮತ್ತೆ ಬಿಡಲಾಗಲಿಲ್ಲ.

ನಾವು ಮನೆಯಲ್ಲಿ ಪಿಸುಗುಟ್ಟಲೂ ಅಂಜುವ ವಿಷಯಗಳು ಅಲ್ಲಿ ಹಾಡು ಹಗಲಲ್ಲಿ ನಡೆಯುತ್ತಿದ್ದವು. ಯಾರೂ ಬೆಚ್ಚುತ್ತಿರಲಿಲ್ಲ. ಬೆಚ್ಚುತ್ತಿದ್ದವಳು ನಾನೊಬ್ಬಳೇ. ಅವರ ಚಿಂತೆಗಳೇ ಬೇರೆ.

“ಅಲ್ಲ ಬಾಯಿ, ಇಷ್ಟೆಲ್ಲ ಆಗುವಾಗ ಅವಳ ಅತ್ತೆ ಎಲ್ಲಿಗೆ ಹೋಗಿದ್ದಳು?” ಎಂದು ಮುದುಕಿ ಕೇಳುತ್ತಿದ್ದಳು. “ಆ ಊರಲ್ಲಿ ಅತ್ತೆಯಂದಿರೇ ಇಲ್ವಾ?”

“ಇದ್ದಾರೆ. ಬೇರೆ ಮನೆಯಲ್ಲಿ.”

“ದೇವರೇ, ಎಂಥ ಪುಣ್ಯದ ಊರು!” ಬೀಡಿಯ ದಾರ ಹಲ್ಲಿನಲ್ಲೇ ಇಟ್ಟುಕೊಂಡು ಎಲ್ಲರೂ ನಗುತ್ತಿದ್ದರು.

ಒಂದು ಮಳೆಗಾಲ ಪೂರ್ತಿ ಅಪೋಲಿನ್ ಎಂಬವಳ ಕಥೆ ನಡೆಯಿತು. ಉಪ್ಪಿನ ವ್ಯಾಪಾರಿಯೊಬ್ಬನಿಗೆ ಕೊಟ್ಟ ಹುಡುಗಿ. ಗಂಡ ಹೊಡೆಯುತ್ತಾನೆ. ತವರಿಗೆ ಓಡಿಬರುತ್ತಾಳೆ. ಅಪ್ಪ ಮರಳಿ ಕಳುಹಿಸುತ್ತಾನೆ; ಮತ್ತೆ ಬರುತ್ತಾಳೆ. ಕೊನೆಯ ಶನಿವಾರ ಬಾಯಿ ಪುಸ್ತಕವನ್ನು ತೆರೆಯಲೇ ಇಲ್ಲ. ಅಪೋಲಿನ್ ಬೆಳಗಿನ ಜಾವ ಅಂಗಳಕ್ಕೆ ಇಳಿದಳು, ಬಾವಿಯ ರಾಟೆ ಒಮ್ಮೆ ಕಿರ್ ಎಂದಿತು, ಹಗ್ಗ ಸಡಿಲವಾಗಿಯೇ ಇತ್ತು ಎಂದರು. ಜೀವ ತಾನೇ ತೆಗೆದುಕೊಂಡವಳು ಎಂದು ಪಾದ್ರಿ ಅವಳ ಆತ್ಮಕ್ಕೆ ಪೂಜೆ ಕೊಡಲಿಲ್ಲ, ಗಂಟೆ ಬಾರಿಸಲಿಲ್ಲ, ಸಿಮಿತ್ರಿಯ ಗೋಡೆಯ ಹೊರಗೆ ಹೂಳಿದರು. ಸಿಮಿತ್ರಿ ಎಂದರೆ ಇಗರ್ಜಿಯ ಸ್ಮಶಾನ. ನಮ್ಮ ಕಡೆಯ ಇಗರ್ಜಿಗಳಲ್ಲೂ ಆಗ ಅದೇ ಕ್ರಮ. ಜಗಲಿಯಲ್ಲಿ ಒಂದು ಕತ್ತರಿಯೂ ಆಡುತ್ತಿರಲಿಲ್ಲ. ನನಗೆ ಬಾಯಿಯ ಹುಬ್ಬು ವಿಚಿತ್ರವಾಗಿ ಕಂಡಿತು. ಅದು ಏರಿಯೇ ಇರಲಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ಬೇಗ ಶಾಲೆಗೆ ಬಂದಿದ್ದೆ. ಇಗರ್ಜಿಯಲ್ಲಿ ಪೂಜೆಗೆ ಮೊದಲು ಪಾದ್ರಿಗಳು, ಇಂದಿನ ಪೂಜೆ ಯಾರ ಆತ್ಮಕ್ಕೆ ಎಂದು ಕೊಂಕಣಿಯಲ್ಲಿ ಹೇಳುವುದು ಶಾಲೆಯ ಜಗಲಿಗೆ ಕೇಳುತ್ತಿತ್ತು. “ಅಪೋಲಿನ್ ಬಾಯಿಯ ಆತ್ಮಕ್ಕೆ” ಎಂದರು. ಕೈಯಲ್ಲಿದ್ದ ಕೊಡೆ ಕೆಳಗೆ ಬಿತ್ತು. ಕಥೆಯಲ್ಲಿ ಸತ್ತವಳಿಗೆ ಪೂಜೆ! ಹೋಗಿ ಇಗರ್ಜಿಯ ಒಳಗೆ ಇಣುಕಿದೆ. ಬೀಡಿಯ ಹೆಂಗಸರೆಲ್ಲ ತಲೆಗೆ ಸೆರಗು ಹೊದ್ದು ಮೊಣಕಾಲೂರಿದ್ದರು. ಹೊರಗೆ ಮೆಟ್ಟಿಲ ಮೇಲೆ ಮೀನಿನ ಮುದುಕಿ ಕೈಮುಗಿದು ಕೂತಿದ್ದಳು. ಬಾಯಿ ಕೊನೆಯ ಬೆಂಚಿನಲ್ಲಿ, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದರು. ನಗು ತಡೆಯುತ್ತಿದ್ದಾರೆಂದೇ ನಾನು ತಿಳಿದೆ.

ಗುಟ್ಟು ನಿಲ್ಲಲಿಲ್ಲ. ಇಗರ್ಜಿಯ ಗಂಟೆ ಬಾರಿಸುವವನ ಹೆಂಡತಿಯೂ ಶನಿವಾರದ ಜಗಲಿಯವಳೇ. ಅವನು ಹೋಟೆಲಿನಲ್ಲಿ ಕೂತು ಇದನ್ನೊಂದು ತಮಾಷೆಯಾಗಿ ಹೇಳಿದ. ಪಾದ್ರಿಗಳು ಊರಿಗೆ ಹೊಸಬರು, ಕೆಟ್ಟವರಲ್ಲ, ಆದರೆ ಮುಖ ಕೆಂಪಾಗಿಸಿಕೊಂಡು ಟೀಚರುಗಳ ಕೋಣೆಗೇ ಬಂದರು.

“ಟೀಚರ್, ಇಲ್ಲದವಳಿಗೆ ನನ್ನ ಕೈಯಲ್ಲಿ ಪೂಜೆ ಮಾಡಿಸಿದ್ದಾರೆ. ಅದೂ ಗಂಡನನ್ನು ಬಿಟ್ಟು ಬಂದು ಪ್ರಾಣ ಕಳಕೊಂಡವಳಿಗೆ. ಎಲ್ಲ ನಿಮ್ಮ ಪುಸ್ತಕದಿಂದ. ಈ ಪುಸ್ತಕಗಳು ಭಾನುವಾರದ ಒಳಗೆ ನಿಮ್ಮ ಮನೆಯಿಂದ ಹೋಗಬೇಕು. ಇಲ್ಲದಿದ್ದರೆ ಸೋಮವಾರ ನೀವು ಶಾಲೆಗೆ ಬರುವುದು ಬೇಡ.”

ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ ಇಂಗ್ಲಿಷನ್ನು ಮುಖದ ಮೇಲೆಯೇ ತಿದ್ದಿದ ಹೆಂಗಸು ಇವರು. ಈಗ ಕೋಲಾಹಲವಾಗುತ್ತದೆ ಎಂದುಕೊಂಡೆ. ಬಾಯಿ ಎದ್ದು ನಿಂತು, “ತಪ್ಪಾಯ್ತು ಫಾದರ್” ಎಂದರು. ಅಷ್ಟೇ. ನನಗೆ ಸಿಟ್ಟೇ ಬಂತು. ಹೆಂಗಸರ ಪೆದ್ದುತನಕ್ಕೆ ಇವರು ಯಾಕೆ ತಲೆ ತಗ್ಗಿಸಬೇಕು?

ಶನಿವಾರ ಬೆಳಿಗ್ಗೆ ಬನ್ನಂಜೆಯ ಮನೆಯ ಮುಂದೆ ಬಾಯಿ, ಹಿಂದೆ ಒಂದು ಟ್ರಂಕು ಹೊತ್ತ ಆಳು. ಚಿಕ್ಕಮ್ಮ ತುಳಸಿಕಟ್ಟೆಯ ಹತ್ತಿರ ಕಂಬದಂತೆ ನಿಂತುಬಿಟ್ಟರು.

“ರೋಮಿನ ಕಾನೂನು ನಮಗೆ ಮಾತ್ರ ಟೀಚರೇ. ನೀವು ಎಷ್ಟು ಓದಿದರೂ ನಿಮಗೆ ನರಕ ಇಲ್ಲ. ಇಟ್ಕೊಳ್ಳಿ.”

ಹೀಗೆ ಫ್ರಾನ್ಸ್ ದೇಶ ನಮ್ಮ ಉಪ್ಪಿನಕಾಯಿ ಭರಣಿಗಳ ಪಕ್ಕಕ್ಕೆ ಬಂದು ಕೂತಿತು. ನಾನು ಮೊದಲು ಎತ್ತಿಕೊಂಡದ್ದು ಅಪೋಲಿನ್‌ಳನ್ನೇ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಓದಿದೆ. ಕೊನೆಗೆ ಬಂದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅಪೋಲಿನ್ ಸಾಯುವುದೇ ಇಲ್ಲ! ಗಂಡನನ್ನು ಬಿಟ್ಟು ಪಟ್ಟಣಕ್ಕೆ ಹೋಗಿ ಟೋಪಿ ಅಂಗಡಿ ಇಡುತ್ತಾಳೆ, ದಪ್ಪಗಾಗುತ್ತಾಳೆ, ನೆರೆಹೊರೆಯವರ ಜೊತೆ ಜಗಳವಾಡುತ್ತ ಮುದುಕಿಯಾಗುತ್ತಾಳೆ. ಪುಸ್ತಕದಲ್ಲಿ ಬಾವಿಯೇ ಇರಲಿಲ್ಲ.

ಬಾಯಿಯ ಮನೆಗೆ ಹೋಗಿ ಕೇಳಿದೆ. ಅವರು ಅಂಗಳದ ಕಡೆ ನೋಡಿದರು. ಅಲ್ಲಿ ಹಲಗೆ ಮುಚ್ಚಿದ ಒಂದು ಬಾವಿ ಇತ್ತು. ಅವರ ಮನೆಗೆ ನೀರು ಪಕ್ಕದ ಹಿತ್ತಿಲಿನಿಂದ ಬರುತ್ತಿದ್ದುದನ್ನು ನಾನು ಶನಿವಾರಗಳಲ್ಲಿ ನೋಡಿದ್ದೆ, ಯಾಕೆಂದು ಯೋಚಿಸಿರಲಿಲ್ಲ.

“ನನ್ನ ತಂಗಿ” ಎಂದರು ಬಾಯಿ. “ಪೆರ್ಡೂರಿನ ಕಡೆ ಕೊಟ್ಟಿದ್ದೆವು. ಓಡಿ ಬಂದಳು. ಅಪ್ಪ ವಾಪಸು ಕಳಿಸಿದರು. ಎರಡನೇ ಸಲ ಬಂದಾಗ ಬಾಗಿಲು ತೆಗೆಯಬೇಡ ಅಂದರು. ನಾನು ಒಳಗೆ ಕೂತು ರಾಟೆಯ ಶಬ್ದ ಕೇಳಿದೆ.” “ಕಥೆ ಹೇಳ್ತಾ ಹೇಳ್ತಾ ಅಪೋಲಿನ್ ಅಂಗಳಕ್ಕೆ ಬಂದುಬಿಟ್ಟಳು ಟೀಚರೇ. ಅವಳನ್ನು ಟೋಪಿ ಅಂಗಡಿಗೆ ಕಳಿಸಲಿಕ್ಕೆ ನನ್ನಿಂದ ಆಗಲಿಲ್ಲ. ಪೂಜೆ ಮಾಡಿಸಿ ಅಂತ ನಾನು ಹೇಳಿದ್ದಲ್ಲ. ಪಾಪ, ನಾನು ಹೇಳಿದ್ದು ತಂಗಿಯ ಕಥೆ ಅಂತ ಆ ಹೆಂಗಸರಿಗೆ ಗೊತ್ತಿಲ್ಲ. ಆದರೆ ಅಷ್ಟು ವರ್ಷಕ್ಕೆ ಮೊದಲ ಸಲ ನನ್ನ ತಂಗಿಗೆ ಒಂದು ಪೂಜೆ ಸಿಕ್ಕಿತು” ಎಂದರು.

ಇಗರ್ಜಿಯ ಆ ಕೊನೆಯ ಬೆಂಚು ನೆನಪಾಯಿತು.

ಶನಿವಾರದ ಕಥೆ ಮಾತ್ರ ನಿಲ್ಲಲಿಲ್ಲ. “ಪುಸ್ತಕ ಬಿಡಲಿಕ್ಕೆ ಹೇಳಿದ್ದು, ಬಾಯಿ ಮುಚ್ಚಲಿಕ್ಕೆ ಹೇಳಲಿಲ್ಲ ಅಲ್ವಾ?” ಎಂದು ನೆನಪಿನಿಂದಲೇ ಹೇಳುತ್ತಿದ್ದರು. ಮರೆತ ಕಡೆ ನಾನು ಓದಿಕೊಂಡು ಹೋಗಿ ಜೋಡಿಸುತ್ತಿದ್ದೆ. ಆ ಟ್ರಂಕಿನಿಂದಲೇ ನಾನು ಓದಲು ಕಲಿತೆ. ಹೆಣ್ಣಿನ ಬದುಕಿನ ಬಗ್ಗೆ ಬೆಚ್ಚದೆ ಮಾತಾಡಲು ಕಲಿತದ್ದು ಆ ಜಗಲಿಯಲ್ಲಿ.

ಅರವತ್ತರ ದಶಕದ ನಡುವೆ ಬಾಯಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದರು. ಕೊನೆಯ ಸಲ ನೋಡಲು ಹೋದಾಗ, “ಫ್ರೆಂಚರ ಕಥೆಯಲ್ಲಿ ಸಾಯುವವರು ಎಷ್ಟು ಮಾತಾಡ್ತಾರೆ. ಸುಳ್ಳು. ಗಂಟಲು ಒಣಗ್ತದೆ” ಎಂದು ಹುಬ್ಬು ಏರಿಸಿದರು.

ಬಾಯಿಯನ್ನು ಮಣ್ಣು ಮಾಡುವಾಗ ನಾನೂ ಹೋಗಿದ್ದೆ. ಪ್ರಾರ್ಥನೆ ಮುಗಿದು ಎಲ್ಲರೂ ಸಿಮಿತ್ರಿಯ ಗೇಟಿನ ಕಡೆ ಹೊರಟರು. ಬೀಡಿಯ ಹೆಂಗಸರು ಮಾತ್ರ ರಸ್ತೆಗೆ ಇಳಿಯದೆ ಗೋಡೆಯ ಹೊರಗಿನ ಕಾಲುದಾರಿ ಹಿಡಿದರು. ನಾನೂ ಹಿಂದೆ ಹೋದೆ. ಗೇರುಮರದ ಬುಡದಲ್ಲಿ, ಶಿಲುಬೆಯೂ ಇಲ್ಲದ ಬರೀ ನೆಲದ ಮೇಲೆ, ಒಬ್ಬೊಬ್ಬರಾಗಿ ಮಡಿಲಿನಿಂದ ಹೂ ತೆಗೆದು ಇಟ್ಟರು. ಹುಲ್ಲು ಕೂಡ ಕಿತ್ತು ಚೊಕ್ಕಟ ಮಾಡಿದ ಜಾಗ ಅದು. ಅಂದು ಮಾಡಿದ್ದಲ್ಲ ಎಂದು ನೋಡಿದರೆ ಗೊತ್ತಾಗುತ್ತಿತ್ತು.

ಮೀನಿನ ಮುದುಕಿಯ ತೋಳು ಹಿಡಿದು, “ಅದು ತಂಗಿಯ ಕಥೆ ಅಂತ ನಿಮಗೆ ಗೊತ್ತಿತ್ತಾ?” ಎಂದೆ.

ಮುದುಕಿ ನನ್ನನ್ನೇ ಪೆದ್ದಿಯೆಂಬಂತೆ ನೋಡಿದಳು.

“ಎಂತ ಟೀಚರೇ. ಆ ಹುಡುಗಿಯನ್ನು ಬಾವಿಯಿಂದ ಎತ್ತಿದ್ದು ನಮ್ಮ ಮನೆಯವರೇ. ಬಾಯಿ ರಾಟೆ ಕಿರ್ ಅಂತು ಅಂದಾಗಲೇ ನಮಗೆಲ್ಲ ತಿಳೀತು. ಇಲ್ಲಿಯವಳ ಹೆಸರು ಹೇಳಿದರೆ ಪೂಜೆ ಕೊಡುದಿಲ್ಲ. ಆ ಊರಿನವಳ ಹೆಸರು ಹೇಳಿದರೆ ಯಾರಿಗೆ ಗೊತ್ತಾಗ್ತದೆ?”

“ಬಾಯಿಗೆ ಯಾಕೆ ಹೇಳಲಿಲ್ಲ?”

“ಹೇಳಿದರೆ ಅವರು ನಮ್ಮ ಎದುರು ಅಳಬೇಕಾಗ್ತಿತ್ತು” ಎಂದಳು ಮುದುಕಿ. ಸೆರಗಿನ ಗಂಟು ಬಿಚ್ಚಿ ಉಳಿದಿದ್ದ ಒಂದು ಹೂವನ್ನು ನನ್ನ ಕೈಗೆ ಕೊಟ್ಟಳು. “ಇಡಿ. ನೀವೂ ಕಥೆ ಕೇಳಿದವರಲ್ಲವಾ.”